ಇಷ್ಟು ಕಾಗದಕ್ಕೆ ಇಷ್ಟು ದುಡ್ಡಾ?

ನಮ್ಮನೆಗೆ ಮಂಚ್‌ಕಿನ್ ಅನ್ನುವ ಕಾರ್ಡ್ ಆಟದ ಡಬ್ಬಿ ಬಂದಾಗಿನಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಿದ್ದೇನೆ. ಅತ್ತೆ ಕೇಳಿದರು, ಆಫೀಸಿನ ಗೆಳೆಯರು ಕೇಳಿದರು, ಪಕ್ಕದ ಮನೆಯವರು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು. "ಇಷ್ಟು ಕಾಗದಕ್ಕೆ ಎರಡು ಸಾವಿರ ರೂಪಾಯಿನಾ?" ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಳಗಿರುವುದು 168 ಕಾರ್ಡು, ಒಂದು ದಾಳ, ಮಡಚಿದ ಒಂದು ನಿಯಮದ ಹಾಳೆ. ಇಸ್ಪೀಟ್ ಕಟ್ಟು ಇದರ ಹತ್ತರಲ್ಲೊಂದು ಭಾಗದ ಬೆಲೆಗೆ ಸಿಗುವ ಊರಲ್ಲಿ ಇದು ಜಾಸ್ತಿ ಅನಿಸಿಯೇ ಅನಿಸುತ್ತದೆ. ಹೊರದೇಶದಿಂದ ಬಂದದ್ದು, ಸುಂಕ ಕಟ್ಟಿರುತ್ತಾರೆ, ಸಾಗಾಟದ ಖರ್ಚು ಇರುತ್ತದೆ ಅಂತೆಲ್ಲ ಹೇಳುತ್ತಿದ್ದೆ. ಅವೆಲ್ಲ ನಿಜವೇ. ಆದರೂ ಆ ಉತ್ತರ ನನಗೇ ಸಾಲುತ್ತಿರಲಿಲ್ಲ. ಸುಂಕವೂ ಇಲ್ಲ, ಸಾಗಾಟವೂ ಇಲ್ಲ ಅಂದುಕೊಳ್ಳೋಣ. ಆಗಲೂ ಒಂದು ಆಟಕ್ಕೆ ಕಾಗದದ ಬೆಲೆಗಿಂತ ಜಾಸ್ತಿ ಯಾಕೆ ಕೊಡಬೇಕು? ಆ ಜಾಸ್ತಿ ದುಡ್ಡು ಯಾವುದಕ್ಕೆ?

ಈ ಪ್ರಶ್ನೆ ಹಿಡಿದುಕೊಂಡು ಡಬ್ಬಿಯ ಹಿಂದಿರುವ ಕಂಪನಿಯ ಕತೆಯನ್ನು ಓದುತ್ತಾ ಹೋದೆ. ಸ್ಟೀವ್ ಜಾಕ್ಸನ್ ಗೇಮ್ಸ್. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ಊರಿನದು. 1980ರಲ್ಲಿ ಸ್ಟೀವ್ ಜಾಕ್ಸನ್ ಅನ್ನುವವರು ಶುರು ಮಾಡಿದ್ದು. (ಇಂಗ್ಲೆಂಡಿನಲ್ಲಿ ಇದೇ ಹೆಸರಿನ ಇನ್ನೊಬ್ಬರಿದ್ದಾರೆ, ಅವರೂ ಆಟದ ಲೋಕದಲ್ಲೇ ಹೆಸರು ಮಾಡಿದವರು. ಇಬ್ಬರೂ ಬೇರೆ ಬೇರೆ.) ಬೋರ್ಡ್ ಗೇಮ್, ಕಾರ್ಡ್ ಗೇಮ್, ರೋಲ್ ಪ್ಲೇಯಿಂಗ್ ಗೇಮ್ (ಒಬ್ಬರು ಕತೆ ನಡೆಸುತ್ತಾ, ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುವ ಆಟ) ಮೂರನ್ನೂ ಮಾಡುವ ಕಂಪನಿ. ಆಟಿಕೆ ಲೋಕದ ದೊಡ್ಡ ಹೆಸರುಗಳ ಎದುರು ತೀರಾ ಸಣ್ಣದು. ಇಷ್ಟು ವರ್ಷ ಬದುಕಿದ್ದೇ ದೊಡ್ಡದು ಅನ್ನುವಷ್ಟು ಪೆಟ್ಟು ತಿಂದಿದೆ. ಅದರ ಕತೆ ಓದಿದ ಮೇಲೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಅನಿಸಿತು.

ಮೂರು ಡಾಲರಿನ ಯುದ್ಧ

ಸ್ಟೀವ್ ಜಾಕ್ಸನ್ ಕಾನೂನು ಓದಲು ಹೋದವರು. ಅದನ್ನು ಅರ್ಧಕ್ಕೆ ಬಿಟ್ಟು ಆಟ ಮಾಡಲು ಕೂತರು. 1977ರಲ್ಲಿ ಆಸ್ಟಿನ್ನಿನ ಮೆಟಾಗೇಮಿಂಗ್ ಅನ್ನುವ ಕಂಪನಿಗೆ 'ಓಗರ್' ಅನ್ನುವ ಆಟ ಮಾಡಿಕೊಟ್ಟರು. ಅದರ ಬೆಲೆ 2 ಡಾಲರ್ 95 ಸೆಂಟ್. ಒಂದು ತೆಳು ಪುಸ್ತಕ, ಆರು ಮೂಲೆಯ ಮನೆಗಳನ್ನು ಬರೆದ ಒಂದು ಸಣ್ಣ ನಕ್ಷೆ, ಕತ್ತರಿಯಲ್ಲಿ ಕತ್ತರಿಸಿಕೊಳ್ಳಬೇಕಾದ ಕಾಗದದ ಕಾಯಿಗಳು. ಜೇಬಲ್ಲಿ ಹಾಕಿಕೊಂಡು ಹೋಗಬಹುದು.

ಹುಲಿ-ಕುರಿ ಆಟ ಆಡಿದವರಿಗೆ ಓಗರ್ ತಕ್ಷಣ ಹಿಡಿಸುತ್ತದೆ. ಎರಡು ಕಡೆಯೂ ಸಮ ಇರುವುದಿಲ್ಲ. ಒಬ್ಬರ ಕೈಯಲ್ಲಿ ಒಂದೇ ಒಂದು ರಾಕ್ಷಸ ಟ್ಯಾಂಕ್, ಮನುಷ್ಯರಿಲ್ಲದೆ ತಾನೇ ಯೋಚಿಸಿ ನಡೆಯುವಂಥದ್ದು. ಇನ್ನೊಬ್ಬರ ಕೈಯಲ್ಲಿ ಸಣ್ಣ ಟ್ಯಾಂಕುಗಳು, ಫಿರಂಗಿಗಳು, ಕಾಲಾಳುಗಳು. ಟ್ಯಾಂಕ್ ಇನ್ನೊಂದು ತುದಿಯಲ್ಲಿರುವ ಠಾಣೆಯನ್ನು ಮುಟ್ಟಿ ಒಡೆಯಬೇಕು, ಉಳಿದವರು ಅದನ್ನು ತಡೆಯಬೇಕು. ಇದರ ಸೊಗಸೆಲ್ಲ ಇರುವುದು ಒಂದು ವಿಷಯದಲ್ಲಿ. ಆ ದೊಡ್ಡ ಟ್ಯಾಂಕ್ ಒಂದೇ ಏಟಿಗೆ ಸಾಯುವುದಿಲ್ಲ. ಅದರ ಒಂದೊಂದು ಬಂದೂಕನ್ನೂ, ಒಂದೊಂದು ಕ್ಷಿಪಣಿಯನ್ನೂ, ಚಕ್ರಗಳ ಸುತ್ತ ಓಡುವ ಪಟ್ಟಿಗಳನ್ನೂ ಬೇರೆ ಬೇರೆಯಾಗಿ ಹೊಡೆಯಬೇಕು. ಹೊಡೆದದ್ದನ್ನು ಹಾಳೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋಗಬೇಕು. ಪಟ್ಟಿಗಳು ಹೋದಷ್ಟೂ ಅದರ ನಡಿಗೆ ನಿಧಾನವಾಗುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಅದೇ ಚಿಂತೆ: ಬಂದೂಕಿಗೆ ಹೊಡೆದು ನಮ್ಮವರನ್ನು ಉಳಿಸಿಕೊಳ್ಳೋದಾ, ಪಟ್ಟಿಗೆ ಹೊಡೆದು ಅದನ್ನು ನಿಲ್ಲಿಸೋದಾ? ಎರಡಕ್ಕೂ ಗುಂಡು ಸಾಲುವುದಿಲ್ಲ. ಈ ಸಂಕಟವನ್ನು ಹುಟ್ಟಿಸಲು ಬೇಕಾದದ್ದು ಒಂದಿಷ್ಟು ಕಾಗದ ಮಾತ್ರ. ಆದರೆ ಟ್ಯಾಂಕಿಗೆ ಎಷ್ಟು ಪಟ್ಟಿ ಇರಬೇಕು, ಎದುರಾಳಿಗೆ ಎಷ್ಟು ಫಿರಂಗಿ ಕೊಡಬೇಕು ಅನ್ನುವುದು ಒಂಚೂರು ಆಚೀಚೆ ಆದರೂ ಆಟ ಕೆಡುತ್ತದೆ. ಆ ಲೆಕ್ಕ ಕೂರಬೇಕಾದರೆ ಆಡಿಸಿ ನೋಡಬೇಕು, ತಿದ್ದಬೇಕು, ಮತ್ತೆ ಬೇರೆಯವರ ಕೈಲಿ ಆಡಿಸಬೇಕು.

ಇದನ್ನು ನಾವು ಮರೆಯುವುದಕ್ಕೆ ಕಾರಣ ಇದೆ ಅನಿಸುತ್ತದೆ. ನಮಗೆ ಆಟ ಅಂದರೆ ಚೌಕಾಬಾರ, ಪಗಡೆ, ಅಳಗುಳಿ ಮಣೆ. ಇವನ್ನು ಯಾರು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ನೂರಾರು ವರ್ಷ, ಲಕ್ಷಾಂತರ ಜನ ಆಡಿ ಆಡಿ ಅವುಗಳ ಒರಟುತನವನ್ನೆಲ್ಲ ತೇಯ್ದಿದ್ದಾರೆ. ಜಗಳ ಬಂದರೆ ಬಗೆಹರಿಸಲು ಅಜ್ಜಿ ಪಕ್ಕದಲ್ಲೇ ಇರುತ್ತಿದ್ದರು. "ನಮ್ಮನೇಲಿ ಹೀಗೇ ಆಡೋದು" ಅಂದರೆ ಮುಗಿಯಿತು. ಅಚ್ಚಾದ ಹೊಸ ಆಟಕ್ಕೆ ಆ ಅನುಕೂಲ ಇಲ್ಲ. ಬರೆದವರು ಆಸ್ಟಿನ್ನಿನಲ್ಲಿ ಇರುತ್ತಾರೆ, ನಾವು ಜಯನಗರದಲ್ಲಿ ಇರುತ್ತೇವೆ. ನಮಗೆ ಬರಬಹುದಾದ ಜಗಳವನ್ನು ಅವರು ಮೊದಲೇ ಊಹಿಸಿ, ಅದಕ್ಕೆ ಉತ್ತರವನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟಿರಬೇಕು. ನೂರಾರು ವರ್ಷ ಮಾಡುವ ಕೆಲಸವನ್ನು ಒಂದೆರಡು ವರ್ಷದಲ್ಲಿ ಮಾಡಿ ಮುಗಿಸುವವರೇ ಆಟದ ಪ್ರಕಾಶಕರು.

ಜಾಕ್ಸನ್ 1980ರಲ್ಲಿ ಮೆಟಾಗೇಮಿಂಗ್ ಬಿಟ್ಟು ತಮ್ಮದೇ ಕಂಪನಿ ತೆರೆದರು. ಅಲ್ಲಿದ್ದಾಗ ಅವರು 'ದಿ ಫ್ಯಾಂಟಸಿ ಟ್ರಿಪ್' ಅನ್ನುವ ರೋಲ್ ಪ್ಲೇಯಿಂಗ್ ಆಟವನ್ನೂ ಮಾಡಿದ್ದರು. ಅದರ ಹಕ್ಕು ಹಳೆ ಕಂಪನಿಯ ಹತ್ತಿರವೇ ಉಳಿಯಿತು. 1983ರಲ್ಲಿ ಮೆಟಾಗೇಮಿಂಗ್ ಬಾಗಿಲು ಹಾಕಿತು. ಆಗ ಅದರ ಮಾಲೀಕ ಹೋವರ್ಡ್ ಥಾಂಪ್ಸನ್ ಆ ಆಟಕ್ಕೆ ಎರಡೂವರೆ ಲಕ್ಷ ಡಾಲರ್ ಕೇಳಿದರು. ಜಾಕ್ಸನ್ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ತಾನೇ ಕಟ್ಟಿದ ಆಟ ತನ್ನ ಕೈಗೆ ಸಿಗದ ಮೇಲೆ, ಮೊದಲಿನಿಂದ ಶುರು ಮಾಡಿ ಇನ್ನೊಂದನ್ನು ಕಟ್ಟಿದರು. 1986ರಲ್ಲಿ ಬಂದ ಅದರ ಹೆಸರು ಗರ್ಪ್ಸ್. ಯಾವುದೋ ಒಂದು ಕಾಲ, ಒಂದು ಲೋಕಕ್ಕೆ ಕಟ್ಟುಬಿದ್ದ ಆಟ ಅಲ್ಲ. ಗುಹಾಮಾನವರಿಂದ ಅಂತರಿಕ್ಷದವರೆಗೆ ಯಾವ ಕತೆಗಾದರೂ ಒಗ್ಗುವ ಒಂದೇ ನಿಯಮಾವಳಿ. ಒಂದು ಮೂಲ ಪುಸ್ತಕ, ಆಮೇಲೆ ಒಂದೊಂದು ಲೋಕಕ್ಕೂ ಒಂದೊಂದು ಪುಸ್ತಕ.

ಮಾರ್ಚ್ 1, 1990

ಗರ್ಪ್ಸ್ ಪುಸ್ತಕಗಳ ಸಾಲಿನಲ್ಲಿ 'ಗರ್ಪ್ಸ್ ಸೈಬರ್‌ಪಂಕ್' ಅನ್ನುವ ಪುಸ್ತಕ ಅಚ್ಚಿಗೆ ಹೋಗುವ ಹೊತ್ತು. ಕಂಪ್ಯೂಟರ್‌ಗೆ ನುಗ್ಗುವ ಹ್ಯಾಕರ್‌ಗಳು ಇರುವ ಮುಂದಿನ ಕಾಲದ ಲೋಕದಲ್ಲಿ ಆಡುವ ಆಟ. ಅದನ್ನು ಬರೆದವರು ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದ ಲಾಯ್ಡ್ ಬ್ಲಾಂಕೆನ್‌ಶಿಪ್. ಕಂಪನಿಗೆ ಆಗ ಕೈ ಬಿಗಿ ಇತ್ತು. ಈ ಪುಸ್ತಕದ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದರು.

ಮಾರ್ಚ್ 1ರ ಬೆಳಿಗ್ಗೆ ಅಮೆರಿಕ ಸರ್ಕಾರದ ತನಿಖಾ ಸಂಸ್ಥೆಯಾದ ಸೀಕ್ರೆಟ್ ಸರ್ವಿಸ್ ಅಧಿಕಾರಿಗಳು ಆ ಆಫೀಸಿಗೆ ನುಗ್ಗಿದರು. ಕಂಪ್ಯೂಟರ್‌ಗಳು, ಮುನ್ನೂರಕ್ಕೂ ಹೆಚ್ಚು ಡಿಸ್ಕ್‌ಗಳು, ಓದುಗರು ಮೋಡೆಮ್ ಮೂಲಕ ಬಂದು ಮಾತಾಡುತ್ತಿದ್ದ ಕಂಪ್ಯೂಟರ್ ಕೂಡ ಸೇರಿ ಎಲ್ಲವನ್ನೂ ಹೊತ್ತುಕೊಂಡು ಹೋದರು. ಸೈಬರ್‌ಪಂಕ್ ಪುಸ್ತಕದ ಹಸ್ತಪ್ರತಿ ಅದರಲ್ಲೇ ಇತ್ತು. ಯಾಕೆ ಅಂತ ಹೇಳಲಿಲ್ಲ. ವಾರಂಟಿನ ಹಿಂದಿನ ಕಾರಣದ ಕಾಗದವನ್ನು ಮುಚ್ಚಿ ಮೊಹರು ಮಾಡಲಾಗಿತ್ತು. ಆಮೇಲೆ ತಿಳಿದದ್ದು ಇಷ್ಟು: ಬೆಲ್‌ಸೌತ್ ಅನ್ನುವ ಫೋನ್ ಕಂಪನಿಯ, 911 ತುರ್ತು ಕರೆ ವ್ಯವಸ್ಥೆಗೆ ಸಂಬಂಧಿಸಿದ ಒಂದು ದಾಖಲೆಯನ್ನು ಯಾರೋ ಕದ್ದಿದ್ದರು. ಅದು ಹ್ಯಾಕರ್‌ಗಳ ನಡುವೆ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದರ ಒಂದು ಪ್ರತಿ ಬ್ಲಾಂಕೆನ್‌ಶಿಪ್ ಮನೆಯಿಂದ ನಡೆಸುತ್ತಿದ್ದ ಕಂಪ್ಯೂಟರ್‌ನಲ್ಲಿ ಇತ್ತು ಅನ್ನುವುದು ಅಧಿಕಾರಿಗಳ ನಂಬಿಕೆ. ಆತ ಕೆಲಸ ಮಾಡುವ ಜಾಗ ಅನ್ನುವ ಕಾರಣಕ್ಕೆ ಆಟದ ಕಂಪನಿಯ ಬಾಗಿಲಿಗೂ ಬಂದರು. ಆ ದಾಖಲೆಗೆ 79,449 ಡಾಲರ್ ಬೆಲೆ ಕಟ್ಟಿದ್ದರು. ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ, ಅದರಲ್ಲಿದ್ದಂಥ ವಿಷಯವನ್ನೇ ಫೋನ್ ಕಂಪನಿ ಸುಮಾರು 13 ಡಾಲರಿಗೆ ಯಾರು ಕೇಳಿದರೂ ಮಾರುತ್ತಿದೆ ಅಂತ ಬಯಲಾಗಿ ಆ ಮೊಕದ್ದಮೆಯೇ ಕುಸಿಯಿತು.

ಮಾರನೇ ದಿನ ಜಾಕ್ಸನ್ ಸೀಕ್ರೆಟ್ ಸರ್ವಿಸ್ ಆಫೀಸಿಗೆ ಹೋಗಿ, ಕೊನೇಪಕ್ಷ ಹಸ್ತಪ್ರತಿ ಕೊಡಿ ಅಂತ ಕೇಳಿದರು. ಅಲ್ಲಿ ಅವರಿಗೆ ಸಿಕ್ಕ ಉತ್ತರ, ಅದು ಕಂಪ್ಯೂಟರ್ ಅಪರಾಧದ ಕೈಪಿಡಿ ಅನ್ನುವುದು. ಇದು ಬರೀ ಆಟ ಅಂದರೂ ನಂಬಲಿಲ್ಲ. ಈ ಭಾಗವನ್ನು ಓದುವಾಗ ನನಗೆ ನಿಜವಾಗಿ ಸಿಟ್ಟು ಬಂತು. ದಾಳ ಉರುಳಿಸಿ ಹ್ಯಾಕರ್ ಪಾತ್ರ ಆಡುವುದನ್ನು ಕಲಿಸುವ ಪುಸ್ತಕ ಓದಿ ಯಾರೂ ಫೋನ್ ಕಂಪನಿಗೆ ನುಗ್ಗಲಾರರು. ಹತ್ತು ಪುಟ ತಿರುವಿದ್ದರೆ ಅವರಿಗೇ ಗೊತ್ತಾಗುತ್ತಿತ್ತು.

ಮುಂದಿನ ವಾರಗಳಲ್ಲಿ ಕಂಪನಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಸಣ್ಣ ಪ್ರಕಾಶಕರ ಬದುಕು ಹೇಗಿರುತ್ತದೆ ಅನ್ನುವುದು ನನಗೆ ಇಲ್ಲಿ ಅರ್ಥವಾಯಿತು. ಗೋದಾಮಿನಲ್ಲಿ ಹಳೆ ಪುಸ್ತಕ ಎಷ್ಟೇ ಇರಲಿ, ಈ ತಿಂಗಳ ಸಂಬಳ ಬರುವುದು ಮುಂದಿನ ತಿಂಗಳು ಬರಬೇಕಾದ ಪುಸ್ತಕದಿಂದ. ಹೊಸದು ಬಂದ ವಾರ ಅಂಗಡಿಗಳು ಜಾಸ್ತಿ ತರಿಸುತ್ತವೆ, ಅದರ ಜೊತೆ ಹಳೆಯದೂ ಒಂದಿಷ್ಟು ಹೋಗುತ್ತದೆ. ಒಂದು ಪುಸ್ತಕ ತಪ್ಪಿದರೆ ಸಾಕು, ಪ್ರೆಸ್ಸಿನವರ ಬಾಕಿ, ಚಿತ್ರ ಬರೆದವರ ಬಾಕಿ, ಬಾಡಿಗೆ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಪುಸ್ತಕ ಪ್ರಕಟಿಸುವ ಸಣ್ಣ ಪ್ರಕಾಶಕರನ್ನು ಹತ್ತಿರದಿಂದ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಸ್ತಕ ಹೇಗೋ ಉಳಿಯಿತು. ಹೇಗೆ ಗೊತ್ತಾ? ಆಡಿ ನೋಡಿ ಹೇಳಿ ಅಂತ ಮೊದಲೇ ಕೆಲವರಿಗೆ ಕರಡು ಕಳಿಸಿದ್ದರು. ಆ ಹಳೆ ಕರಡುಗಳನ್ನು ಒಟ್ಟುಹಾಕಿ, ಉಳಿದದ್ದನ್ನು ನೆನಪಿನಿಂದ ಮತ್ತೆ ಬರೆದು ಅದೇ ವರ್ಷ ಪುಸ್ತಕ ತಂದರು. ಸೀಕ್ರೆಟ್ ಸರ್ವಿಸ್ ವಶಪಡಿಸಿಕೊಂಡ ಪುಸ್ತಕ ಅಂತ ಮುಖಪುಟದಲ್ಲೇ ಹಾಕಿದರು. ಆಡುವವರ ಕೈಗೆ ಮೊದಲೇ ಕೊಟ್ಟು ನೋಡುವ ರೂಢಿ ಇಲ್ಲದಿದ್ದರೆ ಪುಸ್ತಕವೂ ಇರುತ್ತಿರಲಿಲ್ಲ, ಪ್ರಾಯಶಃ ಕಂಪನಿಯೂ ಇರುತ್ತಿರಲಿಲ್ಲ.

ಜಾಕ್ಸನ್ ಸರ್ಕಾರದ ಮೇಲೆ ಕೇಸು ಹಾಕಿದರು. ಡಿಜಿಟಲ್ ಲೋಕದ ಹಕ್ಕುಗಳಿಗಾಗಿ 1990ರಲ್ಲೇ ಹುಟ್ಟಿದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಬೆನ್ನಿಗೆ ನಿಂತಿತು. ಅದರ ಮೊದಲ ದೊಡ್ಡ ಹೋರಾಟಗಳಲ್ಲಿ ಇದೂ ಒಂದು. 1993ರಲ್ಲಿ ನ್ಯಾಯಾಧೀಶ ಸ್ಯಾಮ್ ಸ್ಪಾರ್ಕ್ಸ್ ಕೋರ್ಟಿನಲ್ಲೇ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡರು. ಈ ಕಂಪನಿ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಲು ನಿಮಗೆ ಎಷ್ಟು ಹೊತ್ತು ಬೇಕಿತ್ತು ಅಂತ ಕೇಳಿದರು. ಕಂಪನಿಗೆ 51,040 ಡಾಲರ್ ಪರಿಹಾರ ಸಿಕ್ಕಿತು. ಅದರಲ್ಲಿ 42,259 ಡಾಲರ್ ಬರಬೇಕಿದ್ದ ಲಾಭ ಹೋದದ್ದಕ್ಕೆ, 8,781 ಡಾಲರ್ ಖರ್ಚಿಗೆ. ಓದುಗರು ಮಾತಾಡುತ್ತಿದ್ದ ಆ ಕಂಪ್ಯೂಟರ್‌ನಲ್ಲಿ ತಲುಪದೆ ಉಳಿದಿದ್ದ 162 ಖಾಸಗಿ ಪತ್ರಗಳೂ ಇದ್ದವು. ದಾವೆಯಲ್ಲಿ ಸೇರಿದ್ದ ಬಳಕೆದಾರರಿಗೆ ತಲಾ 1,000 ಡಾಲರ್ ಸಿಕ್ಕಿತು. ಅಮೆರಿಕದಲ್ಲಿ ಇವತ್ತು ಇಮೇಲ್ ಹಕ್ಕಿನ ಮಾತು ಬಂದಾಗ ಈ ಕೇಸನ್ನು ನೆನೆಯುತ್ತಾರೆ. ಒಂದು ಆಟದ ಕಂಪನಿ ಹಟ ಹಿಡಿದು ವರ್ಷಗಟ್ಟಲೆ ಕೋರ್ಟು ಅಲೆದದ್ದರ ಫಲ ಅದು.

ಕುತೂಹಲ ಅನ್ನುವ ದೌರ್ಬಲ್ಯ

ಈ ಗರ್ಪ್ಸ್ ಆಟವನ್ನು ನಾವು ಶುರು ಮಾಡಿದ್ದು ಒಂದು ಪೈಸೆ ಕೊಡದೆ. ಕಂಪನಿಯೇ 'ಗರ್ಪ್ಸ್ ಲೈಟ್' ಅನ್ನುವ 32 ಪುಟದ ಪಿಡಿಎಫ್ ಅನ್ನು ಉಚಿತವಾಗಿ ಕೊಡುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ತಂದೆ. ಮೂರು ಸಾಧಾರಣ ದಾಳ ಇದ್ದರೆ ಸಾಕು. ಯಾವುದೇ ಕೆಲಸಕ್ಕೂ ನಿಮಗೊಂದು ಅಂಕೆ ಇರುತ್ತದೆ. ಮೂರೂ ದಾಳ ಉರುಳಿಸಿದಾಗ ಬಂದ ಮೊತ್ತ ಆ ಅಂಕೆಯಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಗೆದ್ದಿರಿ. ಅಂಕೆ 10 ಇದ್ದರೆ ಗೆಲುವು ಸರಿಯಾಗಿ ಅರ್ಧಕ್ಕರ್ಧ. 12 ಇದ್ದರೆ ನೂರಕ್ಕೆ 74 ಸಲ. 14 ಇದ್ದರೆ 90ಕ್ಕೂ ಜಾಸ್ತಿ. ಒಂದೇ ದಾಳ ಆಗಿದ್ದರೆ ಎಲ್ಲ ಅಂಕೆಗೂ ಒಂದೇ ಅವಕಾಶ. ಮೂರು ದಾಳದಲ್ಲಿ ನಡುವಿನ ಅಂಕೆಗಳು ಮತ್ತೆ ಮತ್ತೆ ಬೀಳುತ್ತವೆ, 3 ಅಥವಾ 18 ಬಿದ್ದರೆ ಮೇಜಿನ ಸುತ್ತ ಎಲ್ಲರೂ ಕಿರುಚುತ್ತಾರೆ. ಪಳಗಿದವರು ಸಾಮಾನ್ಯವಾಗಿ ಎಡವದ, ಆದರೆ ಎಂದಾದರೂ ಒಮ್ಮೆ ಎಡವಬಹುದಾದ ಲೋಕ ಸುಮ್ನೆ ದಾಳಗಳಿಂದಲೇ ಹುಟ್ಟುತ್ತದೆ.

ನಾನು ಕತೆ ನಡೆಸುವವನು. ಕತೆಗೆ 1565ರ ವಿಜಯನಗರ ಆರಿಸಿಕೊಂಡಿದ್ದೆ. ತಾಳಿಕೋಟೆಯಲ್ಲಿ ಸೋತ ಸುದ್ದಿ ಊರಿಗೆ ಬಂದಿದೆ, ತಿರುಮಲರಾಯ ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡದ ಕಡೆ ಹೊರಟಿದ್ದಾನೆ, ಊರಲ್ಲಿ ಉಳಿದವರು ಏನು ಮಾಡುತ್ತಾರೆ? ನನ್ನ ಅಣ್ಣನ ಮಗಳು ಆಗ ಪಿಯುಸಿ ಓದುತ್ತಿದ್ದಳು. ನಾಲ್ಕು ಜನ ಕೂತಲ್ಲಿ ಬಾಯಿ ಬಿಡದ ಹುಡುಗಿ. ಅರಮನೆಯ ಕರಣಿಕನ ಮಗಳ ಪಾತ್ರ ತೆಗೆದುಕೊಂಡಳು. ಗರ್ಪ್ಸ್‌ನಲ್ಲಿ ಪಾತ್ರಕ್ಕೆ ಶಕ್ತಿ, ಚುರುಕು, ಬುದ್ಧಿ, ಆರೋಗ್ಯ ಎಲ್ಲವನ್ನೂ ಪಾಯಿಂಟ್ ಕೊಟ್ಟು ಕೊಳ್ಳಬೇಕು. ಪಾಯಿಂಟ್ ಸಾಲದಿದ್ದರೆ ಒಂದು ದೌರ್ಬಲ್ಯ ಒಪ್ಪಿಕೊಂಡರೆ ಒಂದಿಷ್ಟು ಪಾಯಿಂಟ್ ವಾಪಸ್ ಸಿಗುತ್ತದೆ. ಇವಳು 'ಕುತೂಹಲ' ಆರಿಸಿದಳು. ಕುತೂಹಲ ಹೇಗೆ ದೌರ್ಬಲ್ಯ ಆಗುತ್ತದೆ ಚಿಕ್ಕಪ್ಪ ಅಂತಲೂ ಕೇಳಿದಳು. ನೋಡ್ತಾ ಇರು ಅಂದೆ.

ಮಹಾನವಮಿ ದಿಬ್ಬದ ಹತ್ತಿರ ಒಂದು ನೆಲಮಾಳಿಗೆ ಇದೆಯಲ್ಲ, ಹಂಪಿಗೆ ಹೋದವರು ಇಳಿದು ನೋಡಿರುತ್ತೀರಿ. ಅವರನ್ನು ಅಲ್ಲಿಗೆ ಇಳಿಸಿದೆ. ಮೇಲೆ ಕುದುರೆಗಳ ಸದ್ದು. ಮೂಲೆಯಲ್ಲಿ ಮೊಹರು ಹಾಕಿದ ಒಂದು ಪೆಟ್ಟಿಗೆ. ಉಳಿದವರೆಲ್ಲ ಬೇಡ, ಈಗ ಹೊರಡೋಣ ಅಂದರು. ಅವಳೂ ಹೂಂ ಅಂದಳು. ಆದರೆ ನಿಯಮ ಬೇರೆ ಹೇಳುತ್ತದೆ. ಕುತೂಹಲ ಇರುವವರು ಸುಮ್ಮನಿರಬೇಕಾದರೆ ದಾಳ ಉರುಳಿಸಿ 12 ಅಥವಾ ಕಡಿಮೆ ತರಬೇಕು. ನಾಲ್ಕರಲ್ಲಿ ಮೂರು ಸಲ ತಪ್ಪಿಸಿಕೊಳ್ಳಬಹುದು. ಅವಳಿಗೆ ಬಿದ್ದದ್ದು ಐದು, ಐದು, ನಾಲ್ಕು. ಹದಿನಾಲ್ಕು. ಮೇಜಿನ ಸುತ್ತ ಒಮ್ಮೆಗೇ "ಅಯ್ಯೋ!" ಅವಳು ಎದ್ದೇ ನಿಂತಳು. "ನಾನು ಹೋಗಿ ಮೊಹರು ಒಡೀತೀನಿ. ನೀವೆಲ್ಲ ಬೈತಾ ಇರಿ, ನನಗೆ ಕೇಳಿಸ್ತಾ ಇಲ್ಲ."

ಪೆಟ್ಟಿಗೆಯಲ್ಲಿ ಏನಿದೆ ಅಂತ ನಾನು ಯೋಚಿಸಿರಲೇ ಇಲ್ಲ. ಆ ಕ್ಷಣಕ್ಕೆ ಹೊಳೆದದ್ದು ಕಡತ. ಯಾವ ಊರಿನ ಯಾವ ಹೊಲ ಯಾರದ್ದು ಅಂತ ಬರೆದಿಟ್ಟ ಲೆಕ್ಕ. ಅಪ್ಪನ ಕೈಬರಹ ಅಂದೆ. ಅವಳ ಮುಖ ಬದಲಾಯಿತು. ಪಕ್ಕದಲ್ಲಿ ಒಂದು ಚೀಲ ವರಹ ಕೂಡ ಇತ್ತು. ಎರಡನ್ನೂ ಹೊತ್ತುಕೊಂಡು ಓಡಲು ಆಗುವುದಿಲ್ಲ ಅಂದೆ. ಆಮೇಲೆ ನಡೆದ ವಾದ ಊಟದ ಹೊತ್ತು ಮೀರುವವರೆಗೆ ಮುಗಿಯಲಿಲ್ಲ. ಬಾಯಿ ಬಿಡದ ಹುಡುಗಿ ಮೂರು ಜನ ದೊಡ್ಡವರ ಎದುರು, ವರಹ ಖರ್ಚಾಗಿ ಹೋಗುತ್ತದೆ, ಈ ಲೆಕ್ಕ ಹೋದರೆ ಸಾವಿರ ಮನೆಗಳ ಹೊಲ ಯಾರು ಯಾರದ್ದೋ ಆಗುತ್ತದೆ ಅಂತ ವಾದ ಮಾಡಿದಳು. ಕಡತ ಹೊತ್ತುಕೊಂಡೇ ಹೊರಗೆ ಬಂದರು.

ಆಸ್ಟಿನ್ನಿನಲ್ಲಿ ಕೂತು ಆ ನಿಯಮ ಬರೆದವರಿಗೆ ಕರಣಿಕ ಯಾರು, ಕಡತ ಏನು ಅಂತ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಮನುಷ್ಯರಿಗೆ ಒಂದು ದೌರ್ಬಲ್ಯ ಇರಬೇಕು, ಅದು ಹೆಚ್ಚಿನ ಸಲ ತಡೆದುಕೊಳ್ಳಬಹುದಾದದ್ದು ಇರಬೇಕು, ಎಂದೋ ಒಮ್ಮೆ ಕೈಮೀರಬೇಕು ಅನ್ನುವುದನ್ನು ಅವರು ಲೆಕ್ಕ ಹಾಕಿ ಇಟ್ಟಿದ್ದರು. 12ರ ಬದಲು 6 ಇಟ್ಟಿದ್ದರೆ ಅವಳು ಕಂಡ ಕಂಡ ಪೆಟ್ಟಿಗೆಯನ್ನೆಲ್ಲ ಒಡೆಯುತ್ತಿದ್ದಳು, ಎರಡನೇ ಸಲಕ್ಕೆ ಬೇಜಾರು ಬರುತ್ತಿತ್ತು. 16 ಇಟ್ಟಿದ್ದರೆ ಒಡೆಯುತ್ತಲೇ ಇರಲಿಲ್ಲ. ಕಾಗದದ ಬೆಲೆಗಿಂತ ಜಾಸ್ತಿ ಕೊಡುವುದು ಈ ಅಳತೆಗೆ.

ಅನ್ನ ಕೊಡುವ ಆಟ

ಮಂಚ್‌ಕಿನ್ ಬಂದದ್ದು 2001ರಲ್ಲಿ. ಚಿತ್ರಗಳು ಜಾನ್ ಕೊವಾಲಿಕ್ ಅವರವು. ಆಮೇಲೆ ಕಂಪನಿಯ ಅಡಿಪಾಯವೇ ಅದಾಯಿತು. ಬಾಗಿಲು ತೆರೆ, ರಾಕ್ಷಸನನ್ನು ಹೊಡೆ, ನಿಧಿ ತಗೋ, ಮೊದಲು 10ನೇ ಲೆವೆಲ್ ಮುಟ್ಟಿದವರು ಗೆದ್ದರು. ಜಗಳ ಬಂದರೆ ಜೋರಾಗಿ ವಾದ ಮಾಡಿ, ಕೊನೆಯ ಮಾತು ಆಟದ ಡಬ್ಬಿ ಯಾರದೋ ಅವರದ್ದು ಅಂತ ನಿಯಮದ ಹಾಳೆಯಲ್ಲೇ ಬರೆದಿದೆ.

ಮೈಸೂರಿನಲ್ಲಿ ಅತ್ತೆಯನ್ನು ಆಟಕ್ಕೆ ಕೂರಿಸಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ. ಇಸ್ಪೀಟಿನಲ್ಲಿ ಅವರನ್ನು ಸೋಲಿಸಿದವರಿಲ್ಲ. ಕಾರ್ಡಿನ ಮೇಲಿನ ಇಂಗ್ಲಿಷನ್ನು ನಾನು ಓದಿ ಹೇಳುತ್ತಿದ್ದೆ. ಅವರಿಗೆ ಎಲ್ಫ್, ಅಂದರೆ ಪಾಶ್ಚಾತ್ಯ ಕತೆಗಳ ಯಕ್ಷರಂಥವರ, ಕಾರ್ಡ್ ಬಂತು. ಎಲ್ಫ್ ಆದವರು ಬೇರೆಯವರ ಜಗಳದಲ್ಲಿ ಸಹಾಯಕ್ಕೆ ನಿಂತು ರಾಕ್ಷಸ ಸತ್ತರೆ ಅವರಿಗೂ ಒಂದು ಲೆವೆಲ್ ಏರುತ್ತದೆ. ಅತ್ತೆ ಇದನ್ನು ಎರಡು ಸಲ ಹೇಳಿಸಿಕೊಂಡರು. ಅಲ್ಲಿಂದ ಶುರು. "ಸಹಾಯ ಬೇಕಾ ಮರಿ? ನನಗೆ ನಿಧಿ ಗಿಧಿ ಏನೂ ಬೇಡಪ್ಪ, ಸುಮ್ನೆ ಬರ್ತೀನಿ." ಇಷ್ಟು ಒಳ್ಳೆಯವರ ಸಹಾಯವನ್ನು ಬೇಡ ಅನ್ನೋದು ಹೇಗೆ? ಎಲ್ಲರೂ ತಗೊಂಡೆವು. ನೋಡುತ್ತಿದ್ದ ಹಾಗೇ ಅತ್ತೆ 9ನೇ ಲೆವೆಲ್‌ನಲ್ಲಿ ಕೂತಿದ್ದರು. ಆಗ ನನ್ನ ಗೆಳೆಯನ ಎದುರು ಪ್ಲುಟೋನಿಯಂ ಡ್ರ್ಯಾಗನ್ ಬಂತು, 20ನೇ ಲೆವೆಲ್ಲಿನದು. ಒಬ್ಬನೇ ಹೊಡೆಯಲಾರ. ಅತ್ತೆ ಕೈ ಹಾಕಿದರೆ ಡ್ರ್ಯಾಗನ್ ಸಾಯುತ್ತದೆ, ಅತ್ತೆ ಗೆಲ್ಲುತ್ತಾರೆ. ಓಡಿಹೋಗಬೇಕಾದರೆ ದಾಳದಲ್ಲಿ ಐದೋ ಆರೋ ಬೀಳಬೇಕು. ಮನೆಯಲ್ಲಿದ್ದವರೆಲ್ಲ, ಆಟಕ್ಕೆ ಕೂರದ ಮಾವನೂ ಸೇರಿ, ಸುತ್ತ ನಿಂತು ಸಲಹೆ ಕೊಡತೊಡಗಿದರು. ಅವನು ಓಡಿದ. ಬಿದ್ದದ್ದು ಮೂರು. ಡ್ರ್ಯಾಗನ್ ಅವನನ್ನು ಸುಟ್ಟು ತಿಂದಿತು. "ನನ್ನ ಸಹಾಯ ತಗೊಳ್ಳೋಕಿಂತ ಸಾಯೋದೇ ವಾಸಿ ಅಂದ್ಯಾ" ಅಂತ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಫ್‌ಗೆ ಕೊಟ್ಟ ಆ ಒಂದು ಸಾಲಿನ ನಿಯಮ ಇಲ್ಲದಿದ್ದರೆ ಆ ಮಧ್ಯಾಹ್ನ ಇಲ್ಲ.

ಸಣ್ಣ ಕಂಪನಿಗೆ ಇಂಥ ಒಂದು ಆಟ ಸಿಕ್ಕರೆ ಅದರ ದುಡ್ಡಿನಲ್ಲಿ ಹತ್ತು ಬೇರೆ ಆಟ ಬದುಕುತ್ತವೆ. ಮಂಚ್‌ಕಿನ್‌ನ ಹೊಸ ಹೊಸ ರೂಪಗಳು ಜಾಸ್ತಿಯಾದವು ಅಂತ ಗೊಣಗುವವರು ಬಹಳ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಹೆಚ್ಚು ಮಾರಾಟವಾಗದ ಗರ್ಪ್ಸ್ ಪುಸ್ತಕಗಳು ಇವತ್ತಿಗೂ ಸಿಗುತ್ತಿರುವುದಕ್ಕೆ ಈ ಡಬ್ಬಿಯ ಋಣ ಇದೆ. 2012ರಲ್ಲಿ ಓಗರ್‌ನ ದೊಡ್ಡ ಆವೃತ್ತಿಗೆ ಜನರಿಂದ ಮುಂಗಡ ದುಡ್ಡು ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 20,000 ಡಾಲರ್ ಕೇಳಿದರು. 5,512 ಜನ ಸೇರಿ 9,23,680 ಡಾಲರ್ ಕೊಟ್ಟರು. ಜೇಬಲ್ಲಿ ಹಿಡಿಯುತ್ತಿದ್ದ ಆಟ ಹತ್ತು ಕೆಜಿ ದಾಟಿದ ಪೆಟ್ಟಿಗೆಯಾಯಿತು. ಅದೇ ವರ್ಷ ಹಳೆಯ ಪುಟ್ಟ ಓಗರ್ ಅನ್ನೂ ಮತ್ತೆ ಅಚ್ಚು ಹಾಕಿ ಹಳೆ ಬೆಲೆಗೇ, 2 ಡಾಲರ್ 95 ಸೆಂಟ್‌ಗೇ ಮಾರಿದರು. ಇದು ನನಗೆ ತುಂಬಾ ಇಷ್ಟವಾದ ಕೆಲಸ.

ಇನ್ನು ಲೆಕ್ಕ. 25 ಡಾಲರ್ ಬೆಲೆಯ ಆಟ ಅಂಗಡಿಯಲ್ಲಿ ಮಾರಾಟವಾದರೆ ಪ್ರಕಾಶಕರ ಕೈಗೆ ಬರುವುದು ಸುಮಾರು 10 ಡಾಲರ್. ಉಳಿದದ್ದು ಹಂಚುವವರದು, ಅಂಗಡಿಯವರದು. ಆ ಹತ್ತರಲ್ಲಿ ಅಚ್ಚು, ಹಡಗಿನ ಬಾಡಿಗೆ, ಗೋದಾಮು, ಬರೆದವರು, ಚಿತ್ರ ಬಿಡಿಸಿದವರು, ಸಂಬಳ. ಅದಕ್ಕೇ ಆಟದ ಬೆಲೆ ಅದನ್ನು ತಯಾರಿಸುವ ಖರ್ಚಿನ ಐದಾರು ಪಟ್ಟಾದರೂ ಇರಬೇಕಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾದ ಸಾಮಾನಿನ ಮೇಲೆ ಅಮೆರಿಕ 54% ಸುಂಕ ಹೇಳಿದಾಗ ಕಂಪನಿಯ ಸಿಇಒ ಮೆರೆಡಿತ್ ಪ್ಲಾಕೋ ಇದನ್ನು ಬಿಡಿಸಿ ಬರೆದರು. 3 ಡಾಲರಿಗೆ ತಯಾರಾಗುತ್ತಿದ್ದ ಆಟಕ್ಕೆ ಹಡಗು ಹತ್ತುವ ಮೊದಲೇ 4 ಡಾಲರ್ 62 ಸೆಂಟ್, ಅದು ಅಂಗಡಿಗೆ ಬರುವಾಗ 25 ಹೋಗಿ 40. ಅಮೆರಿಕದಲ್ಲೇ ಮಾಡಿ ಅನ್ನುವವರಿಗೆ, ಇಂಥ ದಾಳ, ಇಂಥ ಡಬ್ಬಿ, ಇಂಥ ಕಾಯಿಗಳನ್ನು ಇಷ್ಟು ಪ್ರಮಾಣದಲ್ಲಿ ಮಾಡುವ ಕಾರ್ಖಾನೆಗಳು ಇಲ್ಲಿ ಇಲ್ಲ ಅಂತಲೂ ಹೇಳಿದರು. ಅದೇ ತಿಂಗಳು ಸುಂಕ ಇನ್ನೂ ಏರಿತು, ಗ್ರೇಟರ್ ದ್ಯಾನ್ ಗೇಮ್ಸ್ ಅನ್ನುವ ಇನ್ನೊಂದು ಆಟದ ಕಂಪನಿ ಇದೇ ಕಾರಣಕ್ಕೆ ಹೆಚ್ಚಿನವರನ್ನು ಮನೆಗೆ ಕಳಿಸಿತು.

ಸ್ಟೀವ್ ಜಾಕ್ಸನ್ ಗೇಮ್ಸ್ ಇಂಥದ್ದನ್ನು ಮುಚ್ಚಿಡುವುದಿಲ್ಲ. ಯಾವುದು ಓಡಿತು, ಯಾವುದು ಬಿತ್ತು, ಎಲ್ಲಿ ತಡವಾಯಿತು ಅಂತ ಪ್ರತಿವರ್ಷ ಒಂದು ವರದಿ ಬರೆದು ಎಲ್ಲರ ಮುಂದೆ ಇಡುವುದು ಅದರ ಹಳೆ ರೂಢಿ. ಷೇರುದಾರರಿಗಾಗಿ ಬರೆದದ್ದಲ್ಲ. ಆಡುವವರು, ಅಂಗಡಿಯವರು, ಕೆಲಸ ಮಾಡುವವರು ಎಲ್ಲರೂ ಪಾಲುದಾರರೇ ಅಂದುಕೊಂಡು ಬರೆದದ್ದು. ನಾನು ಅವನ್ನು ಕತೆ ಓದಿದ ಹಾಗೆ ಓದುತ್ತೇನೆ.

ಅಂದ ಹಾಗೆ, ಆ 'ಫ್ಯಾಂಟಸಿ ಟ್ರಿಪ್' 2017ರ ಡಿಸೆಂಬರಿನಲ್ಲಿ ಜಾಕ್ಸನ್ ಕೈಗೆ ವಾಪಸ್ ಬಂತು. ಎರಡೂವರೆ ಲಕ್ಷ ಕೇಳಿದ ದಿನದಿಂದ ಮೂವತ್ನಾಲ್ಕು ವರ್ಷ. ಮುಂದಿನ ವರ್ಷವೇ ಮತ್ತೆ ಅಚ್ಚಿನ ಕೆಲಸ ಶುರು ಮಾಡಿದರು.

32 ಪುಟದ ಉಚಿತ ನಿಯಮದಲ್ಲೇ ನಾವು ಇನ್ನೂ ಎಷ್ಟೋ ವರ್ಷ ಆಡಬಹುದಿತ್ತು. ಆದರೂ ಹೋದ ತಿಂಗಳು ಎಲ್ಲರೂ ದುಡ್ಡು ಹಾಕಿ, ಗರ್ಪ್ಸ್‌ನ ಮೂಲ ಪುಸ್ತಕದ ಪಿಡಿಎಫ್ ಅನ್ನು ಕಂಪನಿಯದೇ ಅಂಗಡಿಯಾದ ವೇರ್‌ಹೌಸ್ 23ರಿಂದ ಕೊಂಡೆವು. ಅಲ್ಲಿ ಕೊಂಡರೆ ನಡುವಿನವರ ಪಾಲು ಇಲ್ಲ, ಹಡಗಿಲ್ಲ, ಸುಂಕವಿಲ್ಲ. ಅದರಲ್ಲಿ ಕಾಗದವೂ ಇಲ್ಲ. ಈ ಸಲ ಕತೆ ನಡೆಸುವುದು ಅಣ್ಣನ ಮಗಳು. ಅವಳಿಗೆ 1824ರ ಕಿತ್ತೂರು ಬೇಕು, ಕೋಟೆಯೊಳಗಿನ ಮದ್ದಿನ ಮನೆಯಿಂದ ಶುರು ಮಾಡ್ತೀನಿ ಅನ್ನುತ್ತಾಳೆ. ನನ್ನ ಗೆಳೆಯನಿಗೆ ಅಂತರಿಕ್ಷ ಬೇಕು. ಇಬ್ಬರೂ ಅದೇ ಪುಸ್ತಕದ ಬೇರೆ ಬೇರೆ ಪುಟ ತೆಗೆದು ತೋರಿಸಿ ವಾದ ಮಾಡುತ್ತಿದ್ದಾರೆ. ಬರುವ ಭಾನುವಾರದೊಳಗೆ ಇದು ಇತ್ಯರ್ಥ ಆಗಬೇಕು.